ಹೆಸರು ಓದಿಸಿಕೊಂಡವಳು

ಟ್ರಂಕಿನ ಮುಚ್ಚಳ ತೆಗೆದಾಗ ಒಣಗಿದ ಸುರಗಿ ಹೂವಿನ ವಾಸನೆ ಬಂತು. ಮೊಮ್ಮಗಳು ನಮ್ಮ ಮನೆತನದ ಚರಿತ್ರೆ ಬರೆಯುತ್ತಿದ್ದಾಳೆ. ಹಳೆಯ ಕಾಗದಗಳಿಗಾಗಿ ಹುಡುಕುತ್ತಿದ್ದಳು. ಸುರಗಿ ದಂಡೆಯ ಕೆಳಗೆ ನಾಲ್ಕು ಮಡಿಕೆಯ ಒಂದು ಹಾಳೆ ಸಿಕ್ಕಿತು. ಅದು ನಮ್ಮ ಮನೆಯದಲ್ಲ... ಆಚೆಮನೆಯ ಅಕ್ಕನದು.

ನಾನು ಕೇಣಿ ಊರಿಗೆ ಸೊಸೆಯಾಗಿ ಬಂದದ್ದು ಮೂವತ್ತರ ದಶಕದಲ್ಲಿ. ಅಕ್ಕನ ಗಂಡ ಅದಕ್ಕೂ ಎಷ್ಟೋ ಮೊದಲು, ಮೊದಲನೆಯ ಮಹಾಯುದ್ಧದ ಕಾಲಕ್ಕೆ, ಪಲ್ಟನ್ನಿಗೆ ಸೇರಿ ಹೋದವನು ತಿರುಗಿ ಬಂದಿರಲಿಲ್ಲ. ಸತ್ತ ಸುದ್ದಿಯೂ ಬಂದಿರಲಿಲ್ಲ. ಅವಳು ಕುಂಕುಮ ಇಡುತ್ತಿದ್ದಳು. ಅವಳ ಅತ್ತೆ ದಿನಾ ಸಂಜೆ ಬೇಲಿಬಾಗಿಲಿನ ದಣಪೆಯ ಬಳಿ ನಿಂತು ಮಗನನ್ನು ಹೆಸರು ಹಿಡಿದು ಕರೆಯುತ್ತಿದ್ದಳಂತೆ. ನಾನು ಬರುವಷ್ಟರಲ್ಲಿ ಆ ಮುದುಕಿ ತೀರಿಕೊಂಡಿದ್ದಳು. ಊರವರಿಗೆ ಅವನು ಬರೀ ‘ಪಲ್ಟನ್ನಿಗೆ ಹೋದವ’. ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಹೀಗಾಗಿ ಆ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ.

“ಕಾಗದದಲ್ಲಾದ್ರೂ ಇರ್ಲಿ ತಂಗಿ. ನಿಂಗೆ ಓದೂಕೆ ಬತ್ತದೆ, ಕಾರವಾರಕ್ಕೆ ಬಾ,” ಎಂದಳು ಅಕ್ಕ ಒಂದು ದಿನ.

ಅಲ್ಲಿಯ ಸರಕಾರಿ ಕಚೇರಿಯ ಗುಮಾಸ್ತರು ಕೇಳಿದ ಮೊದಲ ಪ್ರಶ್ನೆಯೇ ಗಂಡನ ಹೆಸರು. ಅಕ್ಕ ನನ್ನ ಮುಖ ನೋಡಿದಳು. ನನಗೆ ಆ ಹೆಸರು ಗೊತ್ತಿರಲಿಲ್ಲ. ಅಷ್ಟು ದೂರ ಬರುವಾಗ ಇಬ್ಬರಿಗೂ ಅದು ಹೊಳೆದಿರಲಿಲ್ಲ.

“ಹೆಸರಿಲ್ಲದ ಗಂಡನನ್ನು ನಾನೆಲ್ಲಿ ಹುಡುಕಲಿ?”

“ಹೆಸ್ರು ಅದೆ ಒಡೆಯಾ. ನಾ ಹೇಳೂಕಾಗ.”

ಅವರು ನಕ್ಕರು, ಆದರೆ ಕಳಿಸಿಬಿಡಲಿಲ್ಲ. ಪಲ್ಟನ್ನಿಗೆ ಭರ್ತಿಯಾದವರ ಪುಸ್ತಕ ತೆಗೆದು, ಕೇಣಿಯವರ ಹೆಸರುಗಳನ್ನು ಒಂದೊಂದಾಗಿ ಓದತೊಡಗಿದರು. ಅಕ್ಕ ಕಲ್ಲಿನಂತೆ ನಿಂತಿದ್ದಳು. ಐದನೆಯದೋ ಆರನೆಯದೋ ಹೆಸರಿಗೆ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಗುಮಾಸ್ತರು ಅಲ್ಲಿಗೇ ಬೆರಳಿಟ್ಟು ಮುಂದಿನದನ್ನು ಓದಿದರು. ವಯಸ್ಸು, ಎತ್ತರ, ಎಡ ಹುಬ್ಬಿನ ಮೇಲೆ ಗಾಯದ ಗುರುತು.

“ಎಡ ಅಲ್ಲ ಒಡೆಯಾ, ಬಲ.”

“ಸರಕಾರ ಎಡ ಅಂತ ಬರೆದಿದೆಯಲ್ಲ.”

“ಬರ್ದವ ಎದ್ರಿಗೆ ನಿಂತು ಬರ್ದಿರ್ಬೇಕು. ನಾ ಎಣ್ಣೆ ಹಚ್ಚಿದವ್ಳು.”

ಅವರು ಕನ್ನಡದಲ್ಲಿ ನಕಲು ಬರೆದುಕೊಟ್ಟರು. ಅದರಲ್ಲಿ ಬಲ ಹುಬ್ಬು ಎಂದೇ ಇದೆ. ಪುಸ್ತಕದ ಕೊನೆಯ ಅಂಕಣದಲ್ಲಿ ಏನೂ ಬರೆದಿರಲಿಲ್ಲ. ಅವನು ಏನಾದನೆಂದು ಅಕ್ಕ ಕೇಳಲಿಲ್ಲ. “ಹೆಸ್ರು ಇನ್ನೊಮ್ಮೆ ಓದಿ,” ಎಂದಷ್ಟೇ ಕೇಳಿದಳು.

ಆಮೇಲೆ ಎಷ್ಟೋ ವರ್ಷ, ಮಧ್ಯಾಹ್ನದ ಗಂಜಿಯಾದ ಮೇಲೆ, ಆ ಹಾಳೆ ಹಿಡಿದು ನಮ್ಮ ಜಗುಲಿಗೆ ಬರುತ್ತಿದ್ದಳು. ನಾನು ಓದುತ್ತಿದ್ದೆ. ಅವಳು ಮೀನಬುಟ್ಟಿಯ ಹರಿದ ಅಂಚು ಹೆಣೆಯುತ್ತ ಕೂತಿರುತ್ತಿದ್ದಳು. ಹೆಸರು ಬಂದಾಗ ಕೈ ನಿಲ್ಲುತ್ತಿತ್ತು... ಕಾಗದವನ್ನು ಕೊನೆಗೆ ನನಗೇ ಕೊಟ್ಟು ಹೋದಳು. ಎಷ್ಟು ಸಲ ಓದಿದರೂ ಅವಳಿಗೆ ಯಾಕೆ ಸಾಲುತ್ತಿರಲಿಲ್ಲ ಎಂದು ನನಗೆ ಆಗ ತಿಳಿದಿರಲಿಲ್ಲ.

ನಮ್ಮ ಮನೆಯವರು ತೀರಿಕೊಂಡು ಈಗ ಮೂರು ತಿಂಗಳು. ಅವರನ್ನು ಹೆಸರು ಹಿಡಿದು ಕರೆಯುವ ಹಿರಿಯರು, ಓರಗೆಯವರು ಒಬ್ಬರೂ ಉಳಿದಿಲ್ಲ. ಮಕ್ಕಳಿಗೆ ಅಪ್ಪ, ಮೊಮ್ಮಕ್ಕಳಿಗೆ ಅಜ್ಜ.

ಮೊಮ್ಮಗಳು ಅಕ್ಕನ ಕಾಗದವನ್ನು ಬದಿಗಿಟ್ಟು ತನ್ನ ಪುಸ್ತಕ ತೆರೆದಳು. “ಅಜ್ಜಿ, ಅಜ್ಜನ ಹೆಸ್ರು ಹೀಂಗೇ ಅಲ್ದಾ?” ಎಂದು ಓದಿದಳು.

ನನ್ನ ಕೈ ತಾನಾಗಿಯೇ ಸೆರಗಿಗೆ ಹೋಯಿತು.

“ಇನ್ನೊಮ್ಮೆ ಓದು, ತಂಗಿ,” ಎಂದೆ.