ಚೀಲದ ಕಟ್ಟಿನ ಮೇಲೆ ಇಟ್ಟ ಕಾಲು

ಮೊನ್ನೆ ಮೂಡಿಗೆರೆ ಪೇಟೇಲಿ ಗಮ್‌ಬೂಟ್ ತಗೊಳ್ಳೋಕೆ ಹೋಗಿದ್ದೆ. ಹೊಸ ರಬ್ಬರ್ ವಾಸ್ನೆ ಮೂಗಿಗೆ ಬಡೀತು ನೋಡಿ, ಅತ್ತೆ ನೆನಪಾದ್ರು. ಸ್ವಂತ ಅತ್ತೆ ಅಲ್ಲ. ಬಣಕಲ್ ಹತ್ರದ ಕಾಫಿ ಎಸ್ಟೇಟಿನ ಕೂಲಿ ಲೈನಲ್ಲಿ ನಮ್ಮ ಪಕ್ಕದ ಮನೆಯವ್ರು. ಅವ್ರ ಎಡಗಾಲಿನ ಬೂಟನ್ನ ಉದ್ದಕ್ಕೆ ಸೀಳಿ ನೈಲಾನ್ ದಾರ ಪೋಣ್ಸಿದ್ರು. ಇಲ್ದಿದ್ರೆ ಊದಿದ ಆ ಕಾಲು ಒಳಗೆ ಹೋಗ್ತಾನೇ ಇರ್ಲಿಲ್ಲ...

ಆಗಾಗ ಆ ಕಾಲು ಕೆಂಪಗಾಗಿ, ಬಿಸಿಯಾಗಿ, ಚಳಿಜ್ವರ ಬರೋದು. ಮಾತ್ರೆ ತಗೊಂಡ್ರೆ ಕೆಂಪು ಹೋಗೋದು, ಊತ ಸ್ವಲ್ಪ ಉಳ್ಕೊಳ್ಳೋದು. "ಕಾಲು ಎತ್ತರದಲ್ಲಿಡಿ" ಅಂತ ಡಾಕ್ಟ್ರು ಹೇಳಿದ್ರು. ಯಾಕೆ ಅಂತ ಹೇಳಿರ್ಲಿಲ್ಲ. ನಂದು ಪಿಯುಸಿ ಆರ್ಟ್ಸ್. ಆದ್ರೂ ಹುಚ್ಚು ಹತ್ಕೊಂಡು ಫೋನಲ್ಲಿ, ಯಾರದೋ ಹಳೇ ಬಯಾಲಜಿ ಪುಸ್ತಕದಲ್ಲಿ ಹುಡುಕ್ದೆ. ಅತ್ತೆ ಮನೆ ಜಗಲೀಲಿ ಕೂತು ಒಂದೇ ಉಸಿರಲ್ಲಿ ಹೇಳ್ದೆ. ಚರ್ಮಕ್ಕೆ ಉರಿಯೂತ ಆದಾಗ ಸಣ್ಣ ರಕ್ತನಾಳ ಅಗಲ ಆಗ್ತವೆ, ರಕ್ತ ಜಾಸ್ತಿ ಬರುತ್ತೆ, ಅದಕ್ಕೇ ಕೆಂಪು, ಅದಕ್ಕೇ ಬಿಸಿ. ನಾಳದಿಂದ ನೀರು ಹೊರಗೆ ಜಿನುಗುತ್ತೆ. ಅದನ್ನ ವಾಪಸ್ ಒಯ್ಯೋಕೆ ಬೇರೆ ನಾಳ ಇದಾವೆ, ದುಗ್ಧನಾಳ ಅಂತ. ಪದೇ ಪದೇ ಹಿಂಗಾದ್ರೆ ಅವೇ ಕೆಟ್ಟೋಗ್ತವೆ.

"ರಕ್ತಕ್ಕೆ ಹೃದಯ ಇದೆ ಅತ್ತೆ, ಸ್ಪ್ರಿಂಕ್ಲರಿಗೆ ಮೋಟ್ರು ಇದ್ದಂಗೆ. ಈ ನೀರಿಗೆ ಅಂಥ ಮೋಟ್ರಿಲ್ಲ. ತೋಟದ ಬಸಿಗಾಲುವೆ ಇದ್ದಂಗೆ."

"ಅಷ್ಟು ಹೇಳೋಕೆ ಇಷ್ಟುದ್ದ ಪುರಾಣನಾ ಪುಟ್ಟಿ? ಮೋಟ್ರಿಲ್ಲ ಅಂದ್ರೆ ಇಳಿಜಾರು ಮಾಡ್ಬೇಕು!"

ಮಾರನೇ ದಿನದಿಂದ ಮಾಡೇ ಬಿಟ್ರು. ಕಾಫಿ ಹಣ್ಣು ಕುಯ್ದು ಬಂದು ಕಣದಲ್ಲಿ ಅಳತೆಗೆ ಕಾಯೋವಾಗ ನೆಲಕ್ಕೆ ಬೆನ್ನು ಕೊಟ್ಟು, ಖಾಲಿ ಗೋಣಿಚೀಲದ ಕಟ್ಟಿನ ಮೇಲೆ ಕಾಲಿಟ್ಟು ಮಲಗ್ತಿದ್ರು. ಒಂದಿನ ತೋಟದ ಸಾಹುಕಾರ್ರ ಜೀಪು ಬಂತು. ಎಲ್ರೂ ಎದ್ರು. ಅತ್ತೆ ಏಳ್ಲಿಲ್ಲ.

"ಏನಮ್ಮ, ಮಹಾರಾಣಿನಾ ನೀನು? ಕಾಲು ಇಳ್ಸು," ಅಂದ್ರು ಲೆಕ್ಕ ಬರೆಯೋ ರೈಟರ್.

"ಇಳ್ಸಿದ್ರೆ ಊದುತ್ತೆ ರೈಟ್ರೆ. ಊದಿದ್ರೆ ನಾಳೆ ಕುಯ್ಲಿಗೆ ಬರೋಕಾಗಲ್ಲ. ನಿಮ್ಗೆ ಮರ್ಯಾದೆ ಬೇಕಾ, ಹಣ್ಣು ಬೇಕಾ?"

ಹೆಂಗಸ್ರು ಸೆರಗು ಬಾಯಿಗಿಟ್ಕೊಂಡು ನಕ್ರು. ಸಾಹುಕಾರ್ರು ನಗ್ಲಿಲ್ಲ. "ಇವ್ಳಿಗೆ ನಾಳೆಯಿಂದ ಕೆಲ್ಸ ಬೇಡ" ಅಂದ್ರು, ಅಷ್ಟೆ. ಅತ್ತೆ ನನ್ನ ಕಡೆ ನೋಡಿದ್ರು. ಕಾರಣ ಬಿಡಿಸಿ ಹೇಳೋಕೆ ಬರ್ತಿದ್ದವಳು ಅಲ್ಲಿ ನಾನೊಬ್ಳೆ. ನಮ್ಮನೇನೂ ಅದೇ ಎಸ್ಟೇಟಿನ ಲೈನಲ್ಲಿತ್ತಲ್ಲ... ಬಾಯಿ ಬಿಡ್ಲಿಲ್ಲ.

ಅತ್ತೆ ಗೋಣಿಬೀಡು ಕಡೆ ತೋಟಕ್ಕೆ ಹೋದ್ರು. ಅಲ್ಲೂ ಯಾರು ಬಂದ್ರೂ ಕಾಲು ಇಳ್ಸ್ತಿರ್ಲಿಲ್ವಂತೆ. ಹೋದ ಮಳೆಗಾಲ ಅದೇ ಕಾಲಿನ ಜ್ವರ ಏರಿ ತೀರ್ಕೊಂಡ್ರು. ನಾನು ಒಂದ್ಸಲಾನೂ ನೋಡೋಕೆ ಹೋಗಿರ್ಲಿಲ್ಲ. ಯಾವ ಮುಖ ಇಟ್ಕೊಂಡು ಹೋಗ್ಲಿ...

ನಾನೀಗ ಅದೇ ಕಣದಲ್ಲಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮಿಷನ್ ನೋಡ್ಕೋತೀನಿ. ನಿನ್ನೆ ಕುಯ್ಲಿಗೆ ಬಂದ ಹೊಸ ಅಕ್ಕನ ಪಾದ ಕೆಂಪಗೆ ಊದಿತ್ತು. ಆಸ್ಪತ್ರೆಗೆ ಹೋಗಿ ಮಾತ್ರೆ ತಂದಿದ್ಲು, ರೈಟ್ರು ರಜೆ ಮಾತ್ರ ಕೊಟ್ಟಿರ್ಲಿಲ್ಲ. ಚೀಲದ ಕಟ್ಟು ತಂದು ನಾನೇ ಕಾಲಡಿ ಇಟ್ಟೆ. ಅಷ್ಟರಲ್ಲಿ ಜೀಪು. ಅದೇ ರೈಟ್ರು, ಅದೇ ಮಾತು. ಅಕ್ಕ ಏಳೋಕೆ ಹೋದ್ಲು. ಭುಜ ಹಿಡ್ದು ಮಲಗ್ಸಿದೆ.

"ಇಳ್ಸಲ್ಲ," ಅಂದೆ.

ಆಮೇಲೆ ರಕ್ತ, ನೀರು, ಮೋಟ್ರು, ಬಸಿಗಾಲುವೆ ಎಲ್ಲ ಸಾಹುಕಾರ್ರ ಮುಂದೇನೇ ಹೇಳ್ದೆ. ಅವ್ರು ಜೀಪು ಹತ್ತಿ ಹೊರಟ್ರು. ಕೆಲ್ಸ ಇರುತ್ತೋ ಇಲ್ವೋ ಗೊತ್ತಿಲ್ಲ, ನಾಳೇನೂ ಆ ಕಟ್ಟು ಅಲ್ಲೇ ಇರುತ್ತೆ.

ಇಷ್ಟುದ್ದ ಪುರಾಣನಾ ಪುಟ್ಟಿ ಅನ್ನೋಕೆ ಮಾತ್ರ ಯಾರೂ ಇರ್ಲಿಲ್ಲ...