ಆಯಿ ಕಚ್ಚಿ ಕೊಡುತ್ತಿದ್ದ ಬೇರು

ಆಯಿಯ ಬಲಗೈ ಹೆಬ್ಬೆರಳಿನ ಉಗುರು ಸದಾ ಹಳದಿ. ಮಾರುವ ಒಂದೊಂದು ಔಷಧಿ ಬೇರನ್ನೂ ಆ ಉಗುರಿನಿಂದ ಕೆರೆದು, ಮೂಸಿ, ಚೂರು ತಾವೇ ಕಚ್ಚಿ ನುಂಗಿದ ಮೇಲೆಯೇ ನಮ್ಮ ಕೈಗೆ ಕೊಡುತ್ತಿದ್ದರು. ಡಾಬಕಾ ಹಳ್ಳಿಯಿಂದ ಬಂದು ಬೀದರಿನ ಚಿದ್ರಿಯಲ್ಲಿ, ನಮ್ಮ ಓಣಿಯಲ್ಲೇ ನೆಲೆಸಿದ್ದ ಅವರನ್ನು ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದೆವು. ಪುಡಿಯನ್ನು ಮಾತ್ರ ಅವರು ಎಂದೂ ಮಾರಲಿಲ್ಲ. ಕೇಳಿದರೆ ಸಿಡುಕುತ್ತಿದ್ದರು: "ಬೇರು ಕಂಡ್ರ ಗುರುತು ಸಿಗ್ತದ. ಪುಡ್ಯಾಗ ಏನದ ಅಂತ ಯಾವ ದೇವರಿಗಿ ಗೊತ್ತು?"

ಕೂಸಿಗೆ ಹೊಟ್ಟೆನೋವಿಗೆಂದು ನೆಕ್ಕಿಸುವ ಘುಟ್ಟಿ ತೇಯುವುದನ್ನು ನನಗೆ ಕಲಿಸಿದವರೂ ಅವರೇ. ಕಲ್ಲಿನ ಮೇಲೆ ಎದೆಹಾಲು ಹಾಕಿ ಬಜೆ ಒಂದು ಸುತ್ತು, ಅಳಲೆಕಾಯಿ ಎರಡು ಸುತ್ತು. ಮೂರನೆಯ ಸುತ್ತಿಗೆ, ಹೆಚ್ಚಾದೀತೆಂದು, ನನ್ನ ಕೈ ಹಿಡಿದುಬಿಡುತ್ತಿದ್ದರು. ನನಗೋ ಈ ತಾಪತ್ರಯವೇ ಬೇಡವಾಗಿತ್ತು.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕಚೇರಿಗಳಲ್ಲಿ ಉರ್ದು ಬೋರ್ಡು ಇಳಿದು ಕನ್ನಡದ್ದು ಏರುತ್ತಿತ್ತು. ಆಗ ನಮ್ಮ ಮನೆಯವರು ಭಾಲ್ಕಿಯಿಂದ ಒಂದು ಘುಟ್ಟಿ ಪುಡಿಯ ಡಬ್ಬಿ ತಂದರು. ಮೇಲೆ ದುಂಡನೆಯ ಕನ್ನಡ ಅಕ್ಷರ. ಕನ್ನಡದಲ್ಲಿ ಅಚ್ಚಾಗಿದ್ದರೆ ಹೊಸ ಸರಕಾರದ್ದೇ ಇರಬೇಕೆಂದು ನಂಬಿದ ಜಾಣೆ ನಾನು! ಸುತ್ತು ಎಣಿಸುವ ಗೋಜಿಲ್ಲ. ನಾಲ್ಕು ತಿಂಗಳ ಮಗಳು ಹೊಟ್ಟೆನೋವಿಗೆ ಅತ್ತಾಗಲೆಲ್ಲ ಒಂದು ಚಮಚ ಹಾಕಿದೆ. ಮರುದಿನ ಅಳು ನಿಂತಿತು. ಔಷಧಿ ಹತ್ತಿತೆಂದು ಹಿಗ್ಗಿ ಆಯಿಯ ಮುಂದೆ ಹೇಳಿಕೊಂಡೆ.

ಆಯಿ ಹಿಗ್ಗಲಿಲ್ಲ. ಒಳಗೆ ಬಂದು ಮಗುವಿನ ಅಂಗಾಲು ಚಿವುಟಿದರು. ಅದು ಕಣ್ಣು ತೆರೆಯಲಿಲ್ಲ. ಪುಡಿಯನ್ನು ನಾಲಿಗೆಗೆ ಹಚ್ಚಿ ಉಗುಳಿದರು.

"ಇದರಾಗ ಅಫೀಮು ಅದ. ಏಳ್ ಮಗಳ, ದವಾಖಾನಿಗಿ ನಡಿ!"

"ನೀವೇ ಏನಾರ ಬೇರು ಕೊಡ್ರಿ ಆಯಿ," ಎಂದು ಗೋಗರೆದೆ.

"ಇದಕ್ಕ ನನ್ನ ಹತ್ರ ಬೇರಿಲ್ಲ. ಆ ಡಬ್ಬಿ ತಗೋ, ಡಾಕ್ಟರಿಗಿ ತೋರಸ್ಬೇಕು."

ಮಗುವನ್ನು ಎದೆಗವಚಿಕೊಂಡು ಅವರೇ ಮುಂದೆ ನಡೆದರು. ನಾನು ಬರಿಗಾಲಲ್ಲಿ ಹಿಂದೆ. ಡಾಕ್ಟರು ಡಬ್ಬಿ ನೋಡಿ ತಡಮಾಡದೆ ಮಗುವನ್ನು ಒಳಗೆ ಕರೆದೊಯ್ದರು. ಹೊರಗಿನ ಬೆಂಚಿನ ಮೇಲೆ ಆಯಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನ ಸರಿದ ಮೇಲೆ ಮಗಳು ದವಾಖಾನೆಗೆಲ್ಲ ಕೇಳುವಂತೆ ಕಿರುಚಿದಳು. ಆಯಿ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. "ಅಳ್ಲಿ ಬಿಡು, ಹೊಟ್ಟಿ ತುಂಬ ಅಳ್ಲಿ." ನನಗೆ ಹೋದ ಜೀವ ಬಂದಂತಾಯಿತು.

ಆಯಿ ತೀರಿಕೊಂಡು ಬಹಳ ವರ್ಷಗಳಾದವು. ಅವರ ತೇಯುವ ಕಲ್ಲು ನನ್ನ ಹತ್ತಿರವೇ ಇದೆ. ಮಗಳ ದನಿ ಈಗಲೂ ದೊಡ್ಡದು. ಅವಳ ಫೋನು ಬಂದರೆ ಮನೆಯವರೆಲ್ಲ ಕಿವಿಯಿಂದ ದೂರ ಹಿಡಿಯುತ್ತಾರೆ. ನಾನು ಮಾತ್ರ ಕಿವಿಗೆ ಒತ್ತಿಕೊಂಡೇ ಕೇಳುತ್ತೇನೆ.