ಇಪ್ಪತ್ತನೆಯವರು

ಪಂಚಾಯತಿನ ಕೌಶಲ ತರಬೇತಿಗೆ ಇಪ್ಪತ್ತು ಜನ ಇರಲೇಬೇಕೆಂಬುದು ನಿಯಮ. ಒಬ್ಬರು ಕಡಿಮೆಯಾದರೂ ತರಬೇತಿ ಇಲ್ಲ. ತರಬೇತಿ ಇಲ್ಲವಾದರೆ ಮಾರ್ಚ್ ಮೂವತ್ತೊಂದಕ್ಕೆ ಆ ಅನುದಾನ ಬಂದ ದಾರಿಯಲ್ಲೇ ವಾಪಸು. ಹತ್ತೊಂಬತ್ತು ಜನ ಹೇಗೋ ಸಿಗುತ್ತಾರೆ. ಇಪ್ಪತ್ತನೆಯವರನ್ನು ಹುಡುಕುವಾಗ ಮೆಂಬರ್ ಮನೋರಮಾರ ಚಪ್ಪಲಿ ಸವೆಯುತ್ತದೆ. ಸವೆಯುತ್ತಿತ್ತು ಎನ್ನಬೇಕು, ಮೊಯ್ದಿನಬ್ಬ ಗಲ್ಫಿನಿಂದ ಬಂದು ಬೋವಿಕಾನದ ಹತ್ತಿರ ಮನೆ ಕಟ್ಟಿ ಕೂತ ಮೇಲೆ ಆ ಕಷ್ಟ ತಪ್ಪಿದೆ.

"ಮೊಯ್ದಿನಬ್ಬಾಕ, ಒಂದು ಜನ ಕಡಿಮೆ ಉಂಟು" ಎಂದು ಮನೋರಮಾ ಫೋನು ಮಾಡಿದರೆ ಸಾಕು, ಅವರು ಅಂಗಿಯ ಗುಂಡಿ ಹಾಕುತ್ತಲೇ ಮೆಟ್ಟಿಲಿಳಿದಿರುತ್ತಾರೆ. ಅದು ಶಾರ್ಜಾದ ಅಭ್ಯಾಸ. ಅಲ್ಲಿನ ಕೆಫೆಟೇರಿಯಾದಲ್ಲಿ ಇಪ್ಪತ್ತಾರು ವರ್ಷ ಚಹಾ ಮಾಡಿದವರು. ಹೊರಗೆ ಕಾರಿನವರು ಹಾರ್ನ್ ಹೊಡೆದರೆ ಓಡಬೇಕು. ಹಾರ್ನ್ ಹೊಡೆಯುವವರು ಹೆಸರು ಕೇಳುವುದಿಲ್ಲವಲ್ಲ. ಹಾಗಾಗಿಯೇ ಮೊದಲ ತರಬೇತಿಯ ಸರ್ಟಿಫಿಕೇಟಿನಲ್ಲಿ ತನ್ನ ಹೆಸರು ದಪ್ಪ ಅಕ್ಷರದಲ್ಲಿ ಕಂಡಾಗ ಅವರಿಗೆ ಆದ ಸಂತೋಷ ಸಣ್ಣದಲ್ಲ.

ಆಮೇಲೆ ಅಣಬೆ, ಜೇನು, ಸಾಬೂನು, ಎಲ್‌ಇಡಿ ಬಲ್ಬು, ಯಂತ್ರ ಕಟ್ಟಿ ತೆಂಗಿನಮರ ಹತ್ತುವುದು ಎಂದು ಒಟ್ಟು ಹದಿನೆಂಟು ಸರ್ಟಿಫಿಕೇಟುಗಳು ಚೌಕಟ್ಟು ಸಮೇತ ಚಾವಡಿಯ ಗೋಡೆ ಹತ್ತಿದವು. ಅಣಬೆ ಒಂದೇ ಹೊತ್ತಿನ ಸಾರಿಗೆ ಮುಗಿಯಿತು. ಜೇನುಗಳು ಮೂರನೆಯ ದಿನ ಎದ್ದು ಪಕ್ಕದ ಮನೆಯ ಮಾವಿನಮರ ಸೇರಿದವು. ಸಾಬೂನಿನಲ್ಲಿ ನೊರೆಯೊಂದು ಬಿಟ್ಟು ಉಳಿದದ್ದೆಲ್ಲ ಇತ್ತು. "ಇನ್ನು ಒಂದು ಮೊಳೆ ಹೊಡೆದರೆ ಗೋಡೆ ಬೀಳ್ತದೆ" ಎಂದು ಹೆಂಡತಿ ರಹ್ಮತ್ ಹೇಳುತ್ತಲೇ ಇದ್ದರು.

ಆದರೆ ಕೊಡೆಯ ವಿಷಯ ಬೇರೆ. ಕೊಡೆ ತಯಾರಿಯ ತರಬೇತಿಗೆ ಅವರು ಮೂರು ಸಲ ಇಪ್ಪತ್ತನೆಯವರಾಗಿ ಕೂತಿದ್ದರು. ಮೂರನೆಯ ಸಲ ಕೆಲಸ ತಾನಾಗಿಯೇ ಕೈಗೆ ಹತ್ತಿಬಿಟ್ಟಿತು. ಊರಿನ ಮುರಿದ ಕೊಡೆಗಳೆಲ್ಲ ಅವರ ಜಗಲಿಗೆ ಬಂದು ನೆಟ್ಟಗಾಗಿ ಹೋಗುತ್ತಿದ್ದವು. ಬೋವಿಕಾನದ ಬಸ್‌ಸ್ಟಾಪಿನ ಹತ್ತಿರ ಒಂದು ಸಣ್ಣ ಕೊಡೆ ಅಂಗಡಿ ಇಡಬೇಕೆಂದು ಅವರಿಗೆ ಆಸೆ ಹುಟ್ಟಿತು. ಸ್ವಉದ್ಯೋಗದ ಸಹಾಯಕ್ಕೆ ಅರ್ಜಿ ಹಾಕಿದರು. ಜನ ಕಡಿಮೆ ಎಂದು ಯಾರೋ ಕರೆದದ್ದಕ್ಕಲ್ಲದೆ ತನಗೇ ಬೇಕೆಂದು ಪಂಚಾಯತಿಗೆ ಹೋದದ್ದು ಅದೇ ಮೊದಲು.

ಗುಮಾಸ್ತ ಕೇಶವಪ್ರಸಾದ ಕಂಪ್ಯೂಟರ್ ನೋಡಿ ತಲೆ ಕೆರೆದುಕೊಂಡ. "ಎಂತ ಮಾಡುವುದು ಮೊಯ್ದಿನಬ್ಬಾಕ? ನಿಮ್ಮ ಹೆಸರಲ್ಲಿ ಹದಿನೆಂಟು ಆನುಕೂಲ್ಯ ತೋರಿಸ್ತದೆ, ತರಬೇತಿಯೂ ಸರಕಾರದ ಸಹಾಯವೇ ಅಲ್ಲವಾ. ಕಡಿಮೆ ಸಿಕ್ಕಿದವರಿಗೆ ಮೊದಲು ಕೊಡಬೇಕು. ನೀವು ಪಟ್ಟಿಯ ಅಡಿಗೆ ಹೋಗ್ತೀರಿ."

ಅಲ್ಲಿಯೂ ಕೊನೆಯವರೇ! ಮೊಯ್ದಿನಬ್ಬರಿಗೆ ನಿಜವಾಗಿಯೂ ಬೇಸರವಾಯಿತು. ಮನೆಗೆ ಬಂದು, ಇನ್ನು ಯಾರು ಕರೆದರೂ ಹೋಗುವವನಲ್ಲ ಎಂದು ಘೋಷಿಸಿದರು. ರಹ್ಮತ್ ಹೂಂ ಎಂದರು. ನಗು ತಡೆಯಲು ಸೆರಗು ಬಾಯಿಗೆ ಅಡ್ಡ ಹಿಡಿದರು.

ಮಾರ್ಚ್ ಮೂವತ್ತರಂದು ಫೋನು ಬಂತು. ಮತ್ತೆ ಕೊಡೆ ತರಬೇತಿ. ಒಂದು ಜನ ಕಡಿಮೆ. ಘೋಷಣೆ ಮಾಡಿ ಸರಿಯಾಗಿ ಹನ್ನೊಂದು ದಿನವಾಗಿತ್ತು. ಮೊಯ್ದಿನಬ್ಬ ಅಂಗಿಯ ಗುಂಡಿ ಹಾಕುತ್ತ ಮೆಟ್ಟಿಲಿಳಿದರು.

ಅಂದು ಹೇಳದೆ ಕೇಳದೆ ಖಾಸಗಿ ಬಸ್ಸಿನವರ ಮಿಂಚಿನ ಮುಷ್ಕರ. ವಿದ್ಯಾನಗರದಿಂದ ಬರಬೇಕಿದ್ದ ತರಬೇತುದಾರರು ಅಲ್ಲಿಯೇ ಬಾಕಿ. ಸಮುದಾಯ ಭವನದಲ್ಲಿ ಕಡ್ಡಿ, ಕೋಲು, ಬಟ್ಟೆ ಹರಡಿಕೊಂಡು ಹತ್ತೊಂಬತ್ತು ಹೆಂಗಸರು ಮುಖ ಮುಖ ನೋಡುತ್ತಿದ್ದರು. ಮನೋರಮಾ ಆಫೀಸಿಗೆ ಫೋನು ಹಚ್ಚಿದರು. ಆ ಕೆಲಸದ ಸರ್ಟಿಫಿಕೇಟು ಇರುವ ಯಾರು ಕಲಿಸಿದರೂ ಆದೀತು ಎಂದು ಉತ್ತರ ಬಂತು. ಮೊಯ್ದಿನಬ್ಬರಲ್ಲಿ ಮೂರಿತ್ತು.

"ನಾನು ಕಲಿಸಿದರೆ ಕಲಿಯುವವರು ಹತ್ತೊಂಬತ್ತೇ ಆಗುವುದಲ್ಲವಾ ಮೆಂಬರೇ?" ಎಂದು ಅವರು ಗಾಬರಿಯಾದರು. ಇಷ್ಟು ವರ್ಷ ಆ ಲೆಕ್ಕವನ್ನು ಹೊತ್ತವರು ಅವರೇ ತಾನೇ.

ಕಾಲು ಗಂಟೆಯೊಳಗೆ ಮನೋರಮಾರ ಸ್ಕೂಟರಿನ ಹಿಂದೆ ಕೂತು ಇಪ್ಪತ್ತನೆಯವರು ಬಂದಿಳಿದರು. ರಹ್ಮತ್!

ಹೆಂಡತಿಯ ಎದುರು ಪಾಠ ಹೇಳುವುದೆಂದರೆ ಮೊಯ್ದಿನಬ್ಬರಿಗೆ ಸಂಕೋಚ. ಆದರೆ ಕಡ್ಡಿ ಕೈಗೆ ಬಂದದ್ದೇ ಮಾತೂ ಬಂತು. ಬಟ್ಟೆಯನ್ನು ಎಷ್ಟು ಎಳೆಯಬೇಕು, ಕಡ್ಡಿಯ ತುದಿಗೆ ಯಾವ ಗಂಟು, ತುಕ್ಕು ಮೊದಲು ಹಿಡಿಯುವುದು ಎಲ್ಲಿ ಎಂದು ಒಂದೊಂದನ್ನೂ ಬಿಡಿಸಿ ಹೇಳಿದರು. ರಹ್ಮತರ ಕೊಡೆ ಬಿಡಿಸಿದರೆ ಒಂದು ಬದಿ ಜೋತುಬಿತ್ತು. "ಇದನ್ನು ಬಿಚ್ಚಿ ಇನ್ನೊಮ್ಮೆ ಹೊಲಿಯಿರಿ" ಎಂದು ಹೆಂಡತಿಗೆ ಬಹುವಚನ ಹಚ್ಚಿದಾಗ ಇಡೀ ಕೋಣೆ ನಕ್ಕಿತು. "ಆಯಿತು ಸಾರ್" ಎಂದರು ರಹ್ಮತ್.

ಸಂಜೆ ಇಪ್ಪತ್ತು ಸರ್ಟಿಫಿಕೇಟುಗಳ ಅಡಿಯಲ್ಲಿ ತರಬೇತುದಾರರ ಸಹಿ ಬೀಳಬೇಕಿತ್ತು. ಮೊಯ್ದಿನಬ್ಬ ಮೊದಲನೆಯದಕ್ಕೆ ಅಕ್ಷರ ಅಕ್ಷರ ಜೋಡಿಸಿ ಸಹಿ ಹಾಕಿದರು. ಇಪ್ಪತ್ತನೆಯದಕ್ಕೆ ಬರುವಷ್ಟರಲ್ಲಿ ಹೆಸರಿನ ಕೆಳಗೆ ಗೆರೆ ಎಳೆಯುವ ಗತ್ತೂ ಬಂದಿತ್ತು.

ಮನೆಗೆ ಬಂದದ್ದೇ ರಹ್ಮತ್ ಗೋಡೆಯ ನಡುವಿನ ಅಣಬೆಯನ್ನು ಇಳಿಸಿ ಆ ಮೊಳೆಗೆ ತನ್ನ ಸರ್ಟಿಫಿಕೇಟು ತೂಗುಹಾಕಿದರು.

"ಗೋಡೆ ಬೀಳುವುದಿಲ್ಲವಾ?" ಎಂದು ಮೊಯ್ದಿನಬ್ಬ ಕೇಳಿದರು.

"ಇದರಲ್ಲಿ ನಿಮ್ಮ ಸಹಿ ಉಂಟು. ಮಧ್ಯದಲ್ಲೇ ಇರಲಿ." ರಹ್ಮತ್ ಚೀಲದಿಂದ ಒಂದು ಫಾರಂ ತೆಗೆದು ಮೇಜಿನ ಮೇಲಿಟ್ಟರು. ಸ್ವಉದ್ಯೋಗದ ಅರ್ಜಿ. "ನನ್ನ ಹೆಸರಲ್ಲಿ ಇವತ್ತಿನದು ಒಂದೇ ಅಲ್ಲವಾ? ಊಟದ ಹೊತ್ತಿಗೆ ಕೇಶವಪ್ರಸಾದನಲ್ಲಿ ಕೇಳಿದೆ, ಪಟ್ಟಿಯಲ್ಲಿ ನಾನು ಮೇಲೆಯೇ ಬರ್ತೇನಂತೆ. ಅಂಗಡಿ ನನ್ನದು. ಕೊಡೆ ಮಾತ್ರ ನೀವೇ ಮಾಡಬೇಕು. ನನಗೆ ಸರಿ ಬರುವುದಿಲ್ಲ, ಕಲಿಸಿದ ಮಾಸ್ತರು ಅಷ್ಟಕ್ಕಷ್ಟೆ."

ಮೊಯ್ದಿನಬ್ಬ ಕನ್ನಡಕ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು. ಫಾರಮಿನ ಎರಡನೆಯ ಪುಟದಲ್ಲಿ ಕೆಲಸ ಬಲ್ಲವರ ಹೆಸರು ಬರೆಯಲು ಜಾಗವಿತ್ತು. ಒಂದನೆಯ ನಂಬ್ರದ ಎದುರು ಅವರು ನಿಧಾನವಾಗಿ ತನ್ನ ಹೆಸರು ಬರೆದರು.